ವಿಠೋಬಣ್ಣನ ಜೊತೆಹಾಳೆ

ನಮ್ಮೂರಲ್ಲಿ ಬೆಳಗ್ಗೆ ಎದ್ದವರಿಗೆ ತಮ್ಮ ಹೆಸರು, ತಮ್ಮ ಗುಟ್ಟಿನ ಪದ, ಈ ಎರಡು ಬಿಟ್ಟು ಬೇರೇನೂ ನೆನಪಿರುವುದಿಲ್ಲ. ನಸುಕಿಗೆ ಹೊಳೆ ಕಡೆಯಿಂದ ಮಂಜು ಬರುತ್ತೆ. ಸರಿಯಾಗಿ ಒಣಗದೆ ಮಡಿಚಿಟ್ಟ ಬಟ್ಟೆಯ ವಾಸನೆ ಅದಕ್ಕೆ. ಕಿಟಕಿ ಸಂದಿಯಿಂದ ಒಳಗೆ ಬಂದು, ಮಲಗಿದ್ದವರ ಮೇಲೆ ಹಾದು, ಬಂದ ದಾರಿಯಲ್ಲೇ ಹೋಗಿಬಿಡುತ್ತೆ. ಎದ್ದು ಕೂತರೆ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿರುವವರು ಯಾರು, ಈ ಮನೆ ಯಾರದ್ದು, ಕಾಫಿಗೆ ಸಕ್ಕರೆ ಬೇಕೋ ಬೇಡವೋ, ಒಂದೂ ಗೊತ್ತಿರಲ್ಲ. ಕೈಗೆ ಹತ್ತಿದ ವಿದ್ಯೆ ಮಾತ್ರ ಹೋಗಲ್ಲ. ರೊಟ್ಟಿ ತಟ್ಟುವವಳ ಕೈ ರೊಟ್ಟಿ ತಟ್ಟುತ್ತಲೇ ಇರುತ್ತೆ, ಯಾರಿಗೆ ಅಂತ ತಿಳಿದಿರಲ್ಲ, ಅಷ್ಟೆ. ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಅವರಿಗೆ ಅವರದ್ದೇ ತಾಪತ್ರಯ ಇರಬಹುದು.

ಅದಕ್ಕೇ ನಮಗೆ ಜೊತೆಹಾಳೆ ಅಂತ ಒಂದು. ಪ್ರತಿಯೊಬ್ಬರದ್ದೂ ಊರಿನ ಕಚೇರಿಯಲ್ಲಿ ಇರುತ್ತೆ. ನಾವು ಯಾರು ಅಂತ ಅದರಲ್ಲಿ ಒಂದೊಂದೇ ಸಾಲಾಗಿ ಬರೆದಿರುತ್ತೆ. ಹೆಂಡತಿ ಇಂಥವಳು, ಮನೆ ಇಂಥ ಬೀದಿ, ಬದನೆಕಾಯಿ ತಿಂದರೆ ಮೈ ತುರಿಸುತ್ತೆ, ಹೀಗೆ. ಒಂದು ಸಾಲು ಓದಿದರೆ ಸಾಕು, ಅದರ ಹಿಂದಿರುವುದೆಲ್ಲ ತಾನಾಗಿ ನೆನಪಿಗೆ ಬರುತ್ತೆ. ಹೆಂಡತಿಯ ಹೆಸರು ಓದಿದವನಿಗೆ ಮದುವೆಯಲ್ಲಿ ಪಾಯಸ ಸೀದುಹೋಗಿದ್ದೂ ನೆನಪಾಗುತ್ತೆ. ಹಾಳೆಯಲ್ಲಿ ಇಲ್ಲದ್ದು ಮಾತ್ರ ಬರಲ್ಲ. ಹಾಗಾಗಿ ಸಂಜೆ ಹೊತ್ತಿಗೆ, ಆ ದಿನದ್ದರಲ್ಲಿ ಉಳಿಸಿಕೊಳ್ಳಬೇಕು ಅನ್ನಿಸಿದ್ದನ್ನು ನಾವೇ ನಮ್ಮ ಕೈಯಾರೆ ಸೇರಿಸಿಕೊಳ್ಳಬೇಕು.

ಮೊದಲೆಲ್ಲ ಬೆಳಗ್ಗೆ ಕಚೇರಿಯ ಕಿಟಕಿ ಮುಂದೆ ಸಾಲು. ಕಡತ ನೋಡಿಕೊಳ್ಳುವ ಅಚ್ಯುತರಾಯರು ಹೆಸರು ಕೇಳಿ, ಹಾಳೆ ತೆಗೆದು, ಬೋರಲಾಗಿ ಮಾಡಿ ಕೈಗೆ ಕೊಡೋರು. ಮೂವತ್ತೆಂಟು ವರ್ಷ ಬೋರಲಾಗಿಯೇ ಕೊಟ್ಟವರು. ಒಬ್ಬರ ಹಾಳೆ ಇನ್ನೊಬ್ಬರು ಓದುವುದು ನಮ್ಮಲ್ಲಿ ಮಹಾ ಅಸಹ್ಯ. ಇನ್ನೊಂದು ಕಟ್ಟಳೆ ಏನೆಂದರೆ, ಹಾಳೆ ಓದುವ ಮೊದಲು ಯಾರ ಬಾಯಿಮಾತನ್ನೂ ನಂಬಬಾರದು. ಹಿಂದೊಮ್ಮೆ ಯಾವನೋ ಪುಣ್ಯಾತ್ಮ ನಸುಕಿನಲ್ಲೇ ಎದ್ದು ತನ್ನ ಹಾಳೆ ಓದಿಕೊಂಡು, ಮನೆಮನೆಗೆ ಹೋಗಿ ‘ನಾನು ನಿಮ್ಮ ತಮ್ಮ’ ಅಂತ ಹೇಳಿ ಹನ್ನೊಂದು ಮನೆಯಲ್ಲಿ ಉಪ್ಪಿಟ್ಟು ತಿಂದನಂತೆ. ಆವತ್ತಿನಿಂದ ಬಂದ ಕಟ್ಟಳೆ ಇದು.

ನನ್ನ ಹೆಸರು ಇಂದುಮತಿ. ಈ ಹಾಳೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಎಲ್ಲರೂ ಹಾಸಿಗೆಯಲ್ಲೇ ಕೂತು ಮೊಬೈಲಿನಲ್ಲಿ ಓದಿಕೊಳ್ಳುವ ಹಾಗೆ ಮಾಡಿದವಳು ನಾನೇ. ಜಂಬ ಅಂತೀರಾ? ನನ್ನ ಹಾಳೆಯ ನಾಲ್ಕನೇ ಸಾಲೇ ಅದು: ‘ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಊರಿನ ಹಾಳೆಗಳ ವೆಬ್‌ಸೈಟ್ ಬರೆದವಳು ನೀನು, ಜಂಬ ಬೇಡ.’ ಐದನೇ ಸಾಲು, ‘ಜಂಬ ಬೇಡ ಅಂತ ಬರೆಸಿದವರು ಅಚ್ಯುತರಾಯರು.’

ಕೆಲಸ ಕಷ್ಟದ್ದೇನಲ್ಲ. ಒಂದು ಪಟ್ಟಿಯಲ್ಲಿ ಬರೀ ಹೆಸರು ಮತ್ತು ಗುಟ್ಟಿನ ಪದ. ಇನ್ನೊಂದು ಪಟ್ಟಿಯಲ್ಲಿ ಜೊತೆಹಾಳೆಗಳು, ಬೋರಲಾಗಿಯೇ ಸ್ಕ್ಯಾನರಿಗೆ ಕೊಟ್ಟವು, ನಾನೊಂದನ್ನೂ ಓದಿಲ್ಲ. ಒಂದು ಹೆಸರಿಗೆ ಒಂದೇ ಹಾಳೆ. ಮನುಷ್ಯ ಗುಟ್ಟಿನ ಪದ ಒತ್ತಿ ಒಳಗೆ ಬಂದ ಅಂದರೆ, ಅವನ ಹೆಸರಿನ ಮುಂದೆ ಒಂದು ಚುಕ್ಕೆ ಇಟ್ಟು ‘ಹಾಳೆ’ ಅಂದರೆ ಸಾಕು, ಪೈಥಾನ್ ಹೋಗಿ ಅವನದ್ದನ್ನು ಹಿಡಿದು ತರುತ್ತೆ. ಅಷ್ಟೂ ಜನರ ಅಷ್ಟೂ ಬದುಕು ಒಂದು ಚುಕ್ಕೆಯಾಚೆ. ಆದರೆ ಹೆಸರಿದ್ದು ಹಾಳೆ ಇಲ್ಲದಿದ್ದರೆ ಅದು ಸುಮ್ಮನಿರಲ್ಲ. ಇಂಥವರಿಗೆ ಹಾಳೆಯೇ ಇಲ್ಲ ಅಂತ ಪರದೆ ತುಂಬ ಕೆಂಪಗೆ ಕೂಗಾಡಿ ಕೆಲಸ ನಿಲ್ಲಿಸಿಬಿಡುತ್ತೆ.

ಸೋಮವಾರದಿಂದ ಹೊಸ ಪದ್ಧತಿ ಶುರು. ಭಾನುವಾರ ಸಂಜೆ ಎಲ್ಲ ಹೆಸರನ್ನೂ ಒಂದು ಸಲ ಓಡಿಸಿ ನೋಡಿದೆ. ಒಂದು ಕಡೆ ಕೂಗಿಕೊಂಡಿತು. ಅಚ್ಯುತರಾಯರು ಕನ್ನಡಕ ಒರೆಸಿಕೊಳ್ಳುತ್ತಾ, “ಹಾಳೆ ಎಲ್ಲಾ ಎಣಿಸಿ ಕೊಟ್ಟಿದ್ದೀನಮ್ಮ, ನಿನ್ನ ಯಂತ್ರಾನೇ ನೋಡ್ಕೋ” ಅಂದರು. ನನಗೂ ಸಾಕಾಗಿತ್ತು. ಯಾರ ಹೆಸರು ಅಂತ ನೋಡುವ ತಾಳ್ಮೆಯೂ ಇಲ್ಲದೆ ಒಂದು ಸಾಲು ಬರೆದೆ: ಹಾಳೆ ಇದ್ದರೆ ತಾ, ಇಲ್ಲದಿದ್ದರೆ ಖಾಲಿಯದೊಂದು ಹೊಸದಾಗಿ ಮಾಡಿ ಕೊಡು. ಮತ್ತೆ ಓಡಿಸಿದೆ. ಗಪ್‌ಚಿಪ್. ಆ ಖುಷಿಯಲ್ಲಿ ನನ್ನ ಹಾಳೆಯಲ್ಲಿ ‘ಕೆಲಸ ಮುಗಿಯಿತು, ದೋಷವಿಲ್ಲ’ ಅಂತ ಬರೆದುಕೊಂಡು ಮಲಗಿದೆ. ಬೆಳಗ್ಗೆ ಎದ್ದವಳು ಅದನ್ನೇ ಓದಿದೆ, ಅದನ್ನೇ ನಂಬಿದೆ. ಬರೆದ ಆ ಒಂದು ಸಾಲು ನನ್ನ ನೆನಪಿನಲ್ಲಿ ಉಳಿಯಲಿಲ್ಲ. ಇದನ್ನೆಲ್ಲ ನಿಮಗೆ ಈಗ ಹೇಳುತ್ತಿರುವುದು ಆಮೇಲೆ ಆ ಸಾಲು ನನ್ನದೇ ಹೆಸರು, ತಾರೀಕು ಸಮೇತ ಕೋಡಿನಲ್ಲಿ ಸಿಕ್ಕಿಬಿದ್ದು, ಓದಿ ನೆನಪಾದ ಮೇಲೆ.

ಗುರುವಾರ ಮಧ್ಯಾಹ್ನ ಸಗುಣಕ್ಕ ಕಚೇರಿಗೆ ಬಂದರು. ಸಗುಣಕ್ಕ ಅಂದರೆ ಹೊಳೆ ಬೀದಿಯಲ್ಲಿ ಮೂರನೇ ಅಂಗಡಿ ಇಟ್ಟಿರುವ ಟೇಲರ್ ವಿಠೋಬಣ್ಣನ ಹೆಂಡತಿ. ಕಡಿಮೆ ಮಾತಿನ ಹೆಂಗಸು. ಕೈಯಲ್ಲಿ ಒಂದು ಬಟ್ಟೆ ಚೀಲ, ಅದನ್ನು ಎದೆಗೆ ಅವಚಿ ಹಿಡಿದಿದ್ದರು.

“ಇಂದೂ, ನಮ್ಮೆಜಮಾನ್ರ ಹಾಳೆ ಖಾಲಿ ಇದೆ” ಅಂದರು.

“ಸಾಧ್ಯಾನೇ ಇಲ್ಲ” ಅಂದೆ. ನನ್ನ ಬಾಯಿಗೆ ಅದೊಂದು ಚಟ.

“ಸೋಮವಾರ ಬೆಳಗ್ಗೆ ಎದ್ದು ಮೊಬೈಲ್ ನೋಡಿದ್ರು. ನೋಡಿ ನಂಗೆ ಕೈಮುಗಿದು, ‘ತಾಯಿ, ಯಾರ ಮನೆಗೋ ಬಂದು ಮಲಗಿಬಿಟ್ಟಿದ್ದೀನಿ, ಕ್ಷಮಿಸಬೇಕು’ ಅಂದು ಎದ್ದು ಹೊರಟೇಹೋದ್ರು. ನಾನು ಹೆಂಡ್ತಿ ಅಂದ್ರೆ ಹಾಳೇಲಿ ಇಲ್ಲವಲ್ಲ ತಾಯಿ ಅಂತಾರೆ. ಕಾಲು ಅಭ್ಯಾಸ ಬಲದ ಮೇಲೆ ಅಂಗಡಿಗೆ ಹೋಗಿದೆ. ಅಲ್ಲೇ ಮಲಗ್ತಾರೆ, ಅಲ್ಲೇ ಏಳ್ತಾರೆ.”

ಕೋಡ್ ತೆಗೆದು ನೋಡಿದೆ. ಅಲ್ಲಿತ್ತು ನನ್ನ ಘನಕಾರ್ಯ. ಹಾಳೆ ಇಲ್ಲ ಅಂತ ಕೂಗಿಕೊಳ್ಳಲು ಬಿಟ್ಟಿದ್ದರೆ ವಿಠೋಬಣ್ಣ ಬೆಳಗ್ಗೆಯೇ ಕಚೇರಿಗೆ ಬಂದು ನನ್ನ ಜನ್ಮ ಜಾಲಾಡುತ್ತಿದ್ದ, ನಾವು ಹುಡುಕುತ್ತಿದ್ದೆವು. ಖಾಲಿ ಹಾಳೆ ಹಾಗಲ್ಲ. ಅದು ಅಚ್ಚುಕಟ್ಟಾಗಿ ತೆರೆದುಕೊಂಡು, ನಿನಗೆ ಯಾರೂ ಇಲ್ಲ, ನಿನಗೆ ಏನೂ ಆಗಿಲ್ಲ ಅಂತ ಹೇಳಿದೆ. ಅವನು ನಂಬಿದ್ದಾನೆ. ನಾನು ಮಾಡಿದ್ದು ಸಣ್ಣ ತಪ್ಪಲ್ಲ, ಇವತ್ತಿಗೂ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

“ತಪ್ಪು ನಂದು ಸಗುಣಕ್ಕ” ಅಂದೆ. “ಆದ್ರೆ ನಾಲ್ಕು ದಿನ ಯಾಕೆ ಸುಮ್ಮನಿದ್ರಿ?”

ಸಗುಣಕ್ಕ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಬೋರಲಾಗಿ ಇಟ್ಟರು. “ನಿಂದೊಬ್ಬಳದ್ದೇ ಅಲ್ಲ. ಹಾಳೆ ಕದ್ದವಳು ನಾನು.”

ಭಾನುವಾರ ಬೆಳಗ್ಗೆ ಎಲ್ಲರೂ ಓದಿಯಾದ ಮೇಲೆ ಹಾಳೆಗಳನ್ನು ಹಳೇ ಕಚೇರಿಯಿಂದ ಈ ಹೊಸ ಕಚೇರಿಗೆ ಸಾಗಿಸಿದಾಗ ಕಟ್ಟುಕಟ್ಟಲು ಬಟ್ಟೆಪಟ್ಟಿ ತಂದುಕೊಟ್ಟವರು ಇವರೇ, ಅಂಗಡಿಯಲ್ಲಿ ಉಳಿದ ಚೂರುಗಳು. ಅಚ್ಯುತರಾಯರು ಎಣಿಸಿ ಮುಗಿಸಿ ಆಚೆ ತಿರುಗಿದ ಹೊತ್ತಿಗೆ ಗಂಡನ ಹಾಳೆ ಎಳೆದುಕೊಂಡಿದ್ದಾರೆ. ಮನೆಯಲ್ಲಿ ಅಕ್ಕಿ ಡಬ್ಬದಲ್ಲಿಟ್ಟು, ಮರೆಯದ ಹಾಗೆ ಅದನ್ನೂ ಆಮೇಲೆ ಆದದ್ದನ್ನೂ ತಮ್ಮ ಹಾಳೆಯಲ್ಲಿ ಬರೆದುಕೊಂಡಿದ್ದಾರೆ. ನಾನು ಕಾಗದವನ್ನು ತಿರುಗಿಸಲಿಲ್ಲ. ಆದರೆ ಬೋರಲಾಗಿ ಇಟ್ಟಿದ್ದರೂ ಕಾಣುತ್ತಿತ್ತು, ನಡುವೆ ಬೆರಳಗಲದ ಒಂದು ಉದ್ದ ಕಿಂಡಿ. ಒಂದು ಸಾಲನ್ನು ಕತ್ತರಿಯಿಂದ ನೀಟಾಗಿ ತೆಗೆದುಬಿಟ್ಟಿದ್ದರು.

“ಆ ಒಂದು ಸಾಲು ತೆಗೆದು ಸಂಜೆ ವಾಪಸ್ ಸೇರಿಸಿಬಿಡೋಣ ಅಂತಿದ್ದೆ” ಅಂದರು. “ಅಷ್ಟರಲ್ಲಿ ನೀನು ಎಲ್ಲ ಮುಗಿಸಿಬಿಟ್ಟಿದ್ದೆ. ಮಗಳ ಸಾಲು ಅದು. ಮಾಲು ಹೋದ ಸಂಜೆ ಅವರೇ ಬರೆದಿದ್ದು. ‘ಮಗಳು ಮಾಲು. ಏಳು ವರ್ಷ. ಜ್ವರದಲ್ಲಿ ತೀರಿಕೊಂಡಳು.’ ಒಂಬತ್ತು ವರ್ಷ ಆಯ್ತು. ಲೋಕದ ಜನಕ್ಕೆ ದುಃಖ ಹಳೇದಾಗುತ್ತಂತೆ ಇಂದೂ. ಇವ್ರಿಗೆ ಹೇಗಾಗುತ್ತೆ? ದಿನಾ ಬೆಳಗ್ಗೆ ಆರೂವರೆಗೆ ಮಗಳು ಹುಟ್ಟಿ, ಅದೇ ಸಾಲು ಮುಗಿಯೋದ್ರೊಳಗೆ ಸತ್ತುಹೋಗ್ತಾಳೆ.”

ಹೊರಗೆ ಬಿಸಿಲು ಮಂಕಾಗಿತ್ತು, ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ನಿಧಾನವಾಗಿ ಹೋಗುತ್ತಿದ್ದರು.

“ಸೋಮವಾರ ನಂಗೂ ಜೀವ ಹೋದ ಹಾಗಾಯ್ತು. ಓಡಿ ಬಂದು ನಿಂಗೆ ಹೇಳೋಣ ಅಂತ ಹೊರಟೋಳು ಅಂಗಡಿ ಮುಂದೆ ನಿಂತೆ. ಸಿಳ್ಳೆ ಹಾಕ್ಕೊಂಡು ಹೊಲೀತಿದ್ರು! ಒಂಬತ್ತು ವರ್ಷದಿಂದ ಆ ಬಾಯಲ್ಲಿ ಸಿಳ್ಳೆ ಕೇಳಿಲ್ಲ ಕಣೆ. ಮಂಗಳವಾರ ಒಂದು ರವಿಕೆ ಕಣ ತಗೊಂಡು ಹೋದೆ, ಹೊಲಿಸೋಳ ಹಾಗೆ. ಅಳತೆ ತಗೊಂಡ್ರು. ‘ತೋಳು ಸ್ವಲ್ಪ ಸಡಿಲ ಇಡ್ಲಾ ತಾಯಿ?’ ಅಂತ ಕೇಳಿದ್ರು. ಹೂಂ ಅಂದೆ. ಮನೆಗೆ ಬಂದು ಅತ್ತೆ. ಬುಧವಾರವೂ ಹೋದೆ, ಇನ್ನೊಂದು ರವಿಕೆ.” ಸೆರಗಿನಿಂದ ಮೂಗು ಒರೆಸಿಕೊಂಡರು. “ಎಷ್ಟು ರವಿಕೆ ಹೊಲಿಸ್ಲಿ ನಾನು? ಇದನ್ನ ಟೈಪ್ ಮಾಡಿ ಸೇರಿಸು. ನಾನು ಹೆಂಡ್ತಿ ಅನ್ನೋದಿದೆ, ಮನೆ ಇದೆ, ಅವರಪ್ಪ ಅಮ್ಮ ಎಲ್ಲ ಇದೆ. ತೂತು ಇರೋ ಕಡೆ ಬಿಟ್ಟುಬಿಡು.”

“ಸಗುಣಕ್ಕ, ಆ ಸಾಲು ಬರೆದವರು ಅವರು. ಕತ್ತರಿಸೋಕೆ ನೀವ್ಯಾರು, ಬಿಡೋಕೆ ನಾನ್ಯಾರು?”

“ಬೆಳಗ್ಗೆ ಅವರ ಮುಖ ನೋಡೋಳು ನಾನು, ನೀನಲ್ಲ.” ಅವರ ದನಿ ಏರಿತು. “ಕಿಟಕಿ ಹತ್ರ ಹಾಳೆ ಓದ್ತಾರೆ. ಅಲ್ಲಿಂದ ಎತ್ಲಾಗೋ ಹೋಗ್ತಾರೆ. ನಾನೂ ನಂದು ಓದಿ ಹಿತ್ತಿಲಿಗೆ ಹೋಗ್ತೀನಿ. ತಿಂಡಿ ಹೊತ್ತಿಗೆ ಇಬ್ಬರೂ ಮುಖ ತೊಳ್ಕೊಂಡು ಎದುರುಬದುರು ಕೂತ್ಕೋತೀವಿ, ಏನೂ ಆಗಿಲ್ಲ ಅನ್ನೋ ಹಾಗೆ. ಒಬ್ಬರಾದ್ರೂ ಉಳೀಲಿ ಬಿಡು. ಮಾಲೂನ ನಾನು ಇಟ್ಕೋತೀನಿ.”

ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ಅವರು ಹೇಳಿದಂತೆ ಮಾಡಿಬಿಡುವವಳಿದ್ದೆ. ಕಾಗದವನ್ನು ಅವರೇ ತಿರುಗಿಸಿ ಓದಲಿ, ನಾನು ಟೈಪ್ ಮಾಡುತ್ತೇನೆ ಅಂತ ಕುರ್ಚಿ ಎಳೆದುಕೊಂಡೆ. ಊರಿನ ಹೆಸರುಗಳಲ್ಲಿ ವಿಠೋಬಣ್ಣನದ್ದು ತೆಗೆದು, ಚುಕ್ಕೆಯಿಟ್ಟೆ.

ಅಷ್ಟರಲ್ಲಿ ಬಾಗಿಲಲ್ಲಿ ವಿಠೋಬಣ್ಣನೇ ನಿಂತಿದ್ದ. ಕೊರಳಲ್ಲಿ ಟೇಪು, ಕೈಯಲ್ಲಿ ಒಂದು ಪುಟ್ಟ ಫ್ರಾಕು. ತಿಳಿಹಳದಿ ಬಣ್ಣದ್ದು. ಸಗುಣಕ್ಕ ಕಾಗದವನ್ನು ಸೆರಗಿನಡಿ ಸರಿಸಿಕೊಂಡರು.

“ನಮಸ್ಕಾರ ಅಮ್ಮ” ಅಂದ ನನಗೆ. ಸಗುಣಕ್ಕನನ್ನು ನೋಡಿ, “ನಿಮಗೂ ನಮಸ್ಕಾರ ತಾಯಿ” ಅಂದ. ಮುಖ ನಿರಾಳವಾಗಿತ್ತು, ಮಧ್ಯಾಹ್ನದ ನಿದ್ದೆ ಮಾಡಿ ಎದ್ದವರ ಹಾಗೆ. “ಒಂದು ಸಣ್ಣ ಸಹಾಯ ಬೇಕಿತ್ತು. ನಾನು ದರ್ಜಿ. ಹೊಳೆ ಬೀದಿ, ಮೂರನೇ ಅಂಗಡಿ. ಹಾಗಂತ ನನ್ನ ಹಾಳೆಯಲ್ಲಿ ನಾನೇ ಬರ್ಕೊಂಡಿದ್ದೀನಿ, ಅಷ್ಟೇ ಇರೋದು ಅದರಲ್ಲಿ. ಇವತ್ತು ಬೆಳಗ್ಗೆ ಕೂತೋನು ಇದನ್ನ ಹೊಲಿದೆ. ಯಾರೂ ಹೇಳಿಲ್ಲ, ಟೇಪೂ ಹಿಡಿದಿಲ್ಲ. ಎದೆ ಇಪ್ಪತ್ತೆರಡು, ಉದ್ದ ಇಪ್ಪತ್ತಾರು, ಕೈ ತಾನಾಗಿ ಕತ್ತರಿಸ್ತು. ಆಮೇಲೆ ನೋಡಿದ್ರೆ ಮೊಳೆಗೆ ಇಂಥವೇ ಇನ್ನೂ ಮೂರು ನೇತಾಡ್ತಿವೆ. ನಿನ್ನೆ ಮೊನ್ನೆ ನಾನೇ ಹೊಲಿದಿರಬೇಕು. ಯಾರೂ ಕೇಳ್ಕೊಂಡು ಬಂದಿಲ್ಲ.”

ಫ್ರಾಕನ್ನು ಮೇಜಿನ ಮೇಲೆ ಹರಡಿ ಅಂಗೈಯಿಂದ ಸವರಿ ಸರಿಮಾಡಿದ. “ನಿಮ್ಮ ಹತ್ರ ಊರಿನೋರದ್ದೆಲ್ಲ ಇದೆಯಂತಲ್ಲ. ಇದು ಯಾರ ಅಳತೆ ಅಂತ ನೋಡಿ ಹೇಳ್ತೀರಾ? ಒಂದು ಮಗು ಎಲ್ಲೋ ಬಟ್ಟೆಗೆ ಕಾಯ್ತಾ ಕೂತಿರುತ್ತೆ. ಪಾಪ.”

ನನ್ನ ಬೆರಳುಗಳು ಕೀಲಿಗಳ ಮೇಲೆ ಇದ್ದಲ್ಲೇ ಇದ್ದವು. ಸಗುಣಕ್ಕ ಫ್ರಾಕು ಎತ್ತಿಕೊಂಡು ತಿರುಗಿಸಿ ಕುತ್ತಿಗೆಯ ಹಿಂದೆ ನೋಡಿದರು.

“ಹಿಂದೆ ಗುಂಡಿ ಇಟ್ಟಿಲ್ಲ ನೀವು” ಅಂದರು.

“ಗುಂಡಿ ಬೇಡ ತಾಯಿ, ಚುಚ್ಚುತ್ತೆ ಅಂತಾಳೆ” ಅಂದ ವಿಠೋಬಣ್ಣ. ಅಂದವನು ಅಲ್ಲೇ ನಿಂತುಬಿಟ್ಟ. “ಅಂತಾಳೆ ಅಂದ್ರೆ... ಯಾರು ಅಂತಾಳೆ?”

ಸಗುಣಕ್ಕ ನನ್ನ ಕಡೆ ನೋಡಿದರು. ಮಗಳ ಸಾಲನ್ನು ಟೈಪ್ ಮಾಡಿ ಅವನ ಮೊಬೈಲಿಗೆ ಕಳಿಸಲು ನನಗೆ ಅರ್ಧ ನಿಮಿಷ ಸಾಕಿತ್ತು. ಹೇಳಿ, ಮಾಡ್ತೀನಿ, ಅಂತ ಕಣ್ಣಲ್ಲೇ ಕೇಳಿದೆ. “ತಡಿ ಇಂದೂ” ಅಂದರು. ಆಮೇಲೆ ಅವನ ಎದುರಿಗೆ ಹೋಗಿ ನಿಂತರು.

“ರೀ, ಇಲ್ಲಿ ನೋಡಿ. ಅದು ನಮ್ಮ ಮಾಲೂದು. ನಿಮ್ಮ ಮಗಳು, ನನ್ನ ಮಗಳು. ಏಳು ವರ್ಷ ಇದ್ಲು. ಜ್ವರ ಬಂತು, ಮೂರು ದಿನಕ್ಕೆ ಹೋಗ್ಬಿಟ್ಲು. ನಾನು ಸಗುಣಾ.”

ಹಾಳೆಯಲ್ಲಿ ಇಲ್ಲದ್ದು, ಬರೀ ಬಾಯಿಮಾತು. ಊರಿನ ಕಟ್ಟಳೆ ಪ್ರಕಾರ ಅವನು ಕೈಮುಗಿದು ಹೊರಟುಹೋಗಬೇಕಿತ್ತು. ಹೋಗಲಿಲ್ಲ. ಆ ನಿರಾಳ ಮುಖ ನನ್ನ ಕಣ್ಣೆದುರಿಗೇ ಕುಸಿಯಿತು. ಕುರ್ಚಿ ಕೊಡುವಷ್ಟರಲ್ಲಿ ನೆಲದ ಮೇಲೇ ಕೂತುಬಿಟ್ಟ. ಅಯ್ಯೋ, ಆ ಅಳುವನ್ನು ಏನಂತ ಹೇಳಲಿ. ಸಗುಣಕ್ಕನೂ ಪಕ್ಕದಲ್ಲಿ ಕೂತರು. ನಾನು ಎದ್ದು ಹೊರಗೆ ಹೋಗಬೇಕಿತ್ತು, ಆದರೆ ಬಾಗಿಲಿಗೆ ಅಡ್ಡವಾಗಿ ಅವರೇ ಕೂತಿದ್ದರು. ಗೋಡೆ ಕಡೆ ಮುಖ ಮಾಡಿ ನಾನೂ ಅತ್ತೆ.

ಎಷ್ಟೋ ಹೊತ್ತಾದ ಮೇಲೆ ವಿಠೋಬಣ್ಣ ಕೇಳಿದ, “ಸಗುಣಾ, ಇಷ್ಟು ವರ್ಷ ನೀನು ಎಲ್ಲಿ ಅಳ್ತಿದ್ದೆ?”

“ಹಿತ್ತಿಲಲ್ಲಿ, ಬಾವಿ ಹತ್ರ. ನೀವು?”

“ಅಂಗಡಿ ಹಿಂದೆ, ಚಿಂದಿ ಮೂಟೆ ಮೇಲೆ ಕೂತ್ಕೊಂಡು.”

ಸಗುಣಕ್ಕ ಸೆರಗಿನಿಂದ ಕಾಗದ ತೆಗೆದು ಅವನ ಕೈಗಿಟ್ಟು, ಕತ್ತರಿ ಹಾಕಿದ್ದನ್ನೂ, ಸಿಳ್ಳೆ ಕೇಳಿ ಸುಮ್ಮನಿದ್ದುದನ್ನೂ ಒಪ್ಪಿಕೊಂಡರು. ಅವನು ಬಯ್ಯಲಿಲ್ಲ. ಕಿಂಡಿಯೊಳಗೆ ಬೆರಳು ತೂರಿಸಿ ನೋಡಿದ. “ಒಳ್ಳೇ ನೇರ ಕತ್ತರಿಸಿದ್ದೀಯ” ಅಂದ. ಸಗುಣಕ್ಕ ಅಳುತ್ತಲೇ ನಕ್ಕುಬಿಟ್ಟರು.

“ಬರೀರಮ್ಮ” ಅಂದ ನನಗೆ. “ಎಲ್ಲ ಬರೀರಿ. ಮಗಳದ್ದೂ, ನಾನು ಬರೆದಿದ್ದ ಹಾಗೇನೇ. ಅವಳಿಲ್ಲದೆ ಸಿಳ್ಳೆ ಹಾಕ್ಕೊಂಡಿದ್ದೆನಂತೆ, ಥೂ.”

“ಬೇಡ” ಅಂದರು ಸಗುಣಕ್ಕ. ಮತ್ತೆ ಮಗಳನ್ನು ಬಿಟ್ಟುಬಿಡು ಅಂತಾರೇನೋ ಅಂದುಕೊಂಡೆ. ಆದರೆ ಅವರು ಹೇಳಿದ್ದು ಬೇರೆ. “ಆ ಸಾಲು ಬೇಡ. ಅಲ್ಲಿ ಹೀಗೆ ಬರಿ ಇಂದೂ. ‘ಮಗಳ ವಿಷಯ, ಸಗುಣಾಳನ್ನು ಕೇಳು.’”

“ಬಾಯಿಮಾತು ನಂಬಬಾರದು ಅಂತ ಕಟ್ಟಳೆ ಇದೆಯಲ್ಲ ಸಗುಣಕ್ಕ” ಅಂದೆ.

“ಕೇಳು ಅಂತ ಹಾಳೇಲೇ ಬರೆದಿದ್ರೆ ನಂಬಲೇಬೇಕಲ್ಲಮ್ಮ” ಅಂದ ವಿಠೋಬಣ್ಣ. ದರ್ಜಿಗಳ ತಲೆಯೇ ತಲೆ.

ಟೈಪ್ ಮಾಡಿದೆ. ಆಮೇಲೆ ಖಾಲಿ ಹಾಳೆ ಮಾಡಿ ಕೊಡುವ ನನ್ನ ಆ ಸಾಲನ್ನು ಅಳಿಸಿಹಾಕಿದೆ. ಹಾಳೆ ಇಲ್ಲದಿದ್ದರೆ ಪೈಥಾನ್ ಇನ್ನು ಊರಿಗೇ ಕೇಳುವ ಹಾಗೆ ಕೂಗಲಿ. ಸಂಜೆ ನನ್ನ ಹಾಳೆಯಲ್ಲಿ ಇದಿಷ್ಟನ್ನೂ ಬರೆದುಕೊಂಡೆ, ನನಗೆ ಮರ್ಯಾದೆ ತರದ ಭಾಗವನ್ನೂ ಬಿಡಲಿಲ್ಲ. ಕೊನೆಗೆ, ‘ನಾಳೆ ಬೆಳಗ್ಗೆ ಹೊಳೆ ಬೀದಿ ಕಡೆ ಹೋಗಿ ನೋಡು’ ಅಂತ ಸೇರಿಸಿದೆ.

ಹೋದೆ. ಮಂಜು ಇನ್ನೂ ಬೀದಿಯ ಕೊನೆಯಲ್ಲಿ ಬೆಳ್ಳಗೆ ಎಳೆದುಕೊಂಡು ಹೋಗುತ್ತಿತ್ತು. ಮೊಬೈಲ್ ಹಿಡಿದವರು ಅಲ್ಲಲ್ಲಿ ಕಟ್ಟೆ ಮೇಲೆ ಕೂತು, ತುಟಿ ಅಲ್ಲಾಡಿಸುತ್ತಾ ತಾವು ಯಾರು ಅಂತ ಓದಿಕೊಳ್ಳುತ್ತಿದ್ದರು. ಸಗುಣಕ್ಕನ ಮನೆಯ ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದರು. ವಿಠೋಬಣ್ಣ ಮೊಬೈಲನ್ನು ಪಕ್ಕಕ್ಕಿಟ್ಟು, ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದ. ಸಗುಣಕ್ಕ ಹೇಳುತ್ತಿದ್ದರು. ನಾನು ಆಚೆ ಮನೆಯ ಜಗಲಿಯ ಪಕ್ಕ ನಿಂತೆ. ಬೇರೆಯವರ ಹಾಳೆ ಓದಿದಷ್ಟೇ ಅಸಹ್ಯ ಅದು, ಗೊತ್ತು. ಆದರೂ ನಿಂತೆ.

ಅವರು ತೀರಿಕೊಂಡಳು ಅನ್ನುವಲ್ಲಿಂದ ಶುರು ಮಾಡಿರಲಿಲ್ಲ. ಹುಟ್ಟಿದ ದಿನದಿಂದ ಹಿಡಿದಿದ್ದರು. ಸೂಲಗಿತ್ತಿ ಬರುವಷ್ಟರಲ್ಲಿ ಹುಟ್ಟಿಬಿಟ್ಟಿದ್ದು, ಅಪ್ಪನ ಟೇಪನ್ನು ಬಾಯಿಗಿಟ್ಟು ಚೀಪಿ ಅಂಕಿಯೆಲ್ಲ ಅಳಿಸಿದ್ದು, ಎರಡು ಜಡೆಯಲ್ಲಿ ಒಂದನ್ನು ತಾನೇ ಕತ್ತರಿಸಿಕೊಂಡು ಗೊತ್ತಿಲ್ಲ ಅಂದಿದ್ದು. ವಿಠೋಬಣ್ಣ ನಗುತ್ತಿದ್ದ. “ಹೌದು ಹೌದು, ಆ ಜಡೇನ ಅಂಗಡಿ ಡ್ರಾಯರಲ್ಲಿ ಬಚ್ಚಿಟ್ಟಿದ್ಲು” ಅಂತ ಸೇರಿಸುತ್ತಿದ್ದ. ಬಿಸಿಲು ಮೆಟ್ಟಿಲಿಗೆ ಬಂತು, ಪಕ್ಕದ ಅಂಗಡಿಗಳ ಬಾಗಿಲು ತೆರೆದವು, ಅವರು ಏಳಲಿಲ್ಲ. ಏಳನೇ ವರ್ಷದ ಹಳದಿ ಫ್ರಾಕಿನವರೆಗೆ ಹೇಳಿ ಸಗುಣಕ್ಕ ನಿಲ್ಲಿಸಿದರು.

“ಆಮೇಲೆ?” ಅಂದ ವಿಠೋಬಣ್ಣ.

ಅವರು ಅವನ ಕೈ ಹಿಡಿದುಕೊಂಡು ಹೇಳಿದರು. ಆ ದಿನ ಯಾರೂ ಬಾವಿ ಹತ್ತಿರ ಹೋಗಲಿಲ್ಲ.